ಜುಮಕಿ ಹಾಡಿದ ಹಾಡು

ಕೆಲವರ ಕೈಗೆ ತೋಟ ಒಲಿಯುತ್ತದೆ, ಕೆಲವರ ಕೈಗೆ ವೀಣೆ. ನನ್ನ ಕೈಗೆ ಬಂದ ಯಾವ ಉಪಕರಣವೂ ತನ್ನ ಸ್ವಧರ್ಮದಲ್ಲಿ ಉಳಿದುದಕ್ಕೆ ನಿದರ್ಶನವಿಲ್ಲ. ಮನೆಯ ಮಿಕ್ಸಿ ನನ್ನನ್ನು ಕಂಡೊಡನೆ ಮೌನವ್ರತವನ್ನು ಕೈಗೊಳ್ಳುತ್ತದೆ. ಗೀಸರು ನನ್ನ ಬೆರಳು ಸೋಂಕಿದ ಮಾತ್ರಕ್ಕೆ ತಣ್ಣೀರನ್ನು ಅನುಗ್ರಹಿಸುತ್ತದೆ. ಹಳಗನ್ನಡ ಗದ್ಯವನ್ನು ಓದುವುದರಲ್ಲಿಯೂ ಓದಿಸುವುದರಲ್ಲಿಯೂ ಆಯುಷ್ಯದ ಬಹುಭಾಗವನ್ನು ಕಳೆದವನಾದುದರಿಂದ ನನಗೆ ಇದರಿಂದ ವಿಶೇಷ ನಷ್ಟವೇನೂ ಆಗಿರಲಿಲ್ಲ. ಆದರೆ ಕಳೆದ ವರ್ಷ ಜಯನಗರದ ನಮ್ಮ ಉದ್ಯಾನದಲ್ಲಿ ದಿನವೂ ಸೇರುವ ಹಿರಿಯರ ಬಳಗವು, ಟೀವಿ ಬಂದ ಹೊಸತರಲ್ಲಿ ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ ಪಾಪ್ ಸಂಗೀತದ ಕಾರ್ಯಕ್ರಮವನ್ನು ರಂಗದ ಮೇಲೆ ಮರುಸೃಷ್ಟಿಸುವುದೆಂದು ನಿಶ್ಚಯಿಸಿತು. ಹಾಡುಗಾರರು ಸಿಕ್ಕರು, ಗಿಟಾರು ಸಿಕ್ಕಿತು. ಅಂದಿನ ಆ ದೃಶ್ಯಚಮತ್ಕಾರಗಳು, ಅಂದರೆ ನೆಲದಲ್ಲಿ ಹರಿಯುವ ಹೊಗೆ, ಬೆನ್ನ ಹಿಂದೆ ಕುದಿಯುವ ಬಣ್ಣ, ಒಬ್ಬರು ಐವರಾಗುವ ಮಾಯೆ, ಇವುಗಳ ಹೊಣೆಯನ್ನು ಹೊರಲು ಒಬ್ಬ ಮನುಷ್ಯ ಬೇಕಾಗಿದ್ದನು. ಇಡೀ ದಕ್ಷಿಣ ಬೆಂಗಳೂರಿನಲ್ಲಿ ಅವರಿಗೆ ಸಿಕ್ಕವನು ನಾನು.

ಕಮಲದ ಮೂರನೆಯ ದಳ

ಇದರಲ್ಲಿ ನನ್ನ ಗೃಹಶಾಂತಿಯೂ ಅಡಗಿದ್ದಿತೆಂಬುದನ್ನು ಮೊದಲು ತಿಳಿಸಬೇಕು. ನಮ್ಮ ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಅಂಥದೊಂದು ಕಾರ್ಯಕ್ರಮದಲ್ಲಿ ನಿಜವಾಗಿಯೇ ಹಾಡಿದ್ದಳು. ಒಂದೇ ಹಾಡು. ಅದು ಪ್ರಸಾರವಾದ ಸಂಜೆ ಬಸವನಗುಡಿಯಲ್ಲಿದ್ದ ಅವಳ ಅಕ್ಕನ ಮನೆಯ ನಡುಮನೆಯಲ್ಲಿ ಬೀದಿಗೆ ಬೀದಿಯೇ ನೆರೆದಿತ್ತು. ಬೀದಿಯಲ್ಲಿ ಟೀವಿ ಇದ್ದ ಮನೆ ಅದೊಂದೇ.

ಆ ವಾರವೇ ಸ್ಟುಡಿಯೋಗೆ ಚಿತ್ರವನ್ನು ಸೀಳುವ, ತಿರುಚುವ, ಹೆಣೆಯುವ ಹೊಸ ಯಂತ್ರ ಬಂದಿತ್ತೆಂದು ಕಾಣುತ್ತದೆ. ಅದರ ಗುಂಡಿಗಳ ಮುಂದೆ ಕುಳಿತಿದ್ದ ಮಹಾನುಭಾವನಿಗೆ ಎಲ್ಲವನ್ನೂ ಅಂದೇ ಒತ್ತಿನೋಡುವ ಉತ್ಸಾಹ. ನನ್ನ ಹೆಂಡತಿ ಬಾಯಿ ತೆರೆದಳು. ಮುಖ ಎಂಟು ದಳದ ಕಮಲವಾಯಿತು. ಚರಣ ಬಂದಿತು, ಕಮಲವು ನಕ್ಷತ್ರವಾಗಿ, ನಕ್ಷತ್ರವು ನವಿಲಾಗಿ ಬಿಚ್ಚಿಕೊಂಡಿತು. ಕೊನೆಯ ಸಾಲಿನಲ್ಲಿ ಎಲ್ಲವೂ ಸುರುಳಿಸುತ್ತಿ, ಬಚ್ಚಲ ನೀರು ಇಳಿಯುವಂತೆ ಪರದೆಯ ನಡುವಿನಲ್ಲಿ ಇಳಿದುಹೋಯಿತು. ಮುಖವೆಂಬುದು ಒಂದು ಕ್ಷಣವಾದರೂ ಕಾಣಲಿಲ್ಲ. ಕಂಡದ್ದು ಒಂದೇ: ದಳಗಳ ಅಂಚಿನಲ್ಲಿ ತೂಗಾಡುತ್ತಿದ್ದ ಕೆಂಪುಕಲ್ಲಿನ ಜುಮಕಿ.

"ನೋಡ್ರೀ, ನೋಡ್ರೀ! ನಮ್ಮಮ್ಮನ ಜುಮಕಿ! ನಮ್ಮವಳೇ!" ಎಂದು ಅಕ್ಕ ಕೂಗಿದರು.

"ಯಾವುದ್ರೀ? ಆ ಮೂರನೇ ದಳದಲ್ಲಿರೋದಾ?" ಎಂದರು ಎದುರುಮನೆಯವರು.

ನಾನು ಹೊಸ ಅಳಿಯನ ಗಾಂಭೀರ್ಯದಿಂದ, "ಇಂದ್ರಜಾಲವು ಅತ್ಯಂತ ಮನೋಹರವಾಗಿದೆ" ಎಂದೆ. ಆ ವಾಕ್ಯಕ್ಕಾಗಿ ನಾನು ಇಂದಿಗೂ ಮಾತು ಕೇಳುತ್ತಿದ್ದೇನೆ. ಮರುದಿನ ಅಂಗಡಿಗೆ ಹೊರಟ ನನ್ನ ಹೆಂಡತಿಯನ್ನು ಬೀದಿಯ ಹೆಂಗಸರು ತಡೆದು ನಿಲ್ಲಿಸಿ, ಮನಸಾರೆ ಮೆಚ್ಚಿಕೊಂಡರು:

"ನಿಮ್ಮ ಜುಮಕಿ ಎಷ್ಟು ಚೆನ್ನಾಗಿ ಹಾಡ್ತು ಕಣ್ರೀ!"

ಅಧಿಕಾರ ಸ್ವೀಕಾರ

ಬಳಗದ ಅಧ್ಯಕ್ಷರು ಬ್ಯಾಂಕಿನಿಂದ ನಿವೃತ್ತರಾದವರು. ಯಾರ ಮಾತನ್ನಾದರೂ ಅರ್ಧಕ್ಕೆ ನಿಲ್ಲಿಸಿ ನಿರ್ಣಯಕ್ಕೆ ಬರುವ ಅಭ್ಯಾಸವನ್ನು ಅಲ್ಲಿಂದಲೇ ತಂದವರು. ದೃಶ್ಯಚಮತ್ಕಾರಗಳ ವಿಷಯ ಸಭೆಗೆ ಬಂದಾಗ ನಾನು ಎದ್ದು ನಿಂತು, ಕಾಣುವುದು ಯಾವುದು, ಕಾಣಿಸುವುದು ಯಾವುದು, ಕಂಡಂತೆ ತೋರುವುದು ಯಾವುದು ಎಂಬುದನ್ನು ವಿಂಗಡಿಸಿ, ಪ್ರಾಚೀನ ಗದ್ಯದಲ್ಲಿ ಮಾಯಾವಿದ್ಯೆಯ ವರ್ಣನೆಗಳನ್ನು ದೀರ್ಘವಾಗಿ ನಿರೂಪಿಸಿದೆನು. ಇನ್ನೂ ಪೀಠಿಕೆಯಲ್ಲಿಯೇ ಇದ್ದೆ. ಅಧ್ಯಕ್ಷರು ಕೈಯೆತ್ತಿದರು.

"ಸಾರ್, ನೀವು ಹೇಳಿದ್ದು ಒಂದಕ್ಷರ ಅರ್ಥ ಆಗ್ಲಿಲ್ಲ. ಆದ್ರೆ ನಿಮಗೆ ಸಬ್ಜೆಕ್ಟ್ ಗೊತ್ತು ಅನ್ನೋದು ಗೊತ್ತಾಯ್ತು. ಎಫೆಕ್ಟ್ಸ್ ಪೂರ್ತಿ ನೀವೇ ನೋಡ್ಕೊಳ್ಳಿ."

ಚಪ್ಪಾಳೆ ಬಿದ್ದಿತು. ಭಾಷಣವನ್ನು ನಿಲ್ಲಿಸಿದ ಸಂತೋಷಕ್ಕೋ ಹೊಣೆ ತಪ್ಪಿದ ಸಂತೋಷಕ್ಕೋ ಎಂಬುದನ್ನು ನಾನು ವಿಚಾರಿಸಲಿಲ್ಲ.

ಮನೆಗೆ ಬಂದು ವಿಷಯ ತಿಳಿಸಿದಾಗ ನನ್ನ ಹೆಂಡತಿ ಹುರುಳೀಕಾಯಿ ಬಿಡಿಸುತ್ತಿದ್ದಳು. ಅದೇ ಹಾಡನ್ನು ಹಾಡಲು ಬಳಗದವರು ಅವಳನ್ನು ಆಗಲೇ ಒಪ್ಪಿಸಿದ್ದರು. ಅವಳು ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದಳು.

"ರೀ, ಹೊಗೆ ಹಾಕಿ, ಮಿಂಚು ಹಾಕಿ, ಏನ್ ಬೇಕಾದ್ರೂ ಮಾಡ್ಕೊಳ್ಳಿ. ಈ ಸಲ ನನ್ನ ಮುಖ ಕಾಣ್ಬೇಕು. ಒಂದು ಹಾಡು, ಪೂರ್ತಿ. ಅಷ್ಟೇ ಕೇಳೋದು ನಾನು."

"ನಿಸ್ಸಂಶಯವಾಗಿ," ಎಂದೆ.

"ಗೀಸರ್ ರಿಪೇರಿ ಮಾಡೋವಾಗ್ಲೂ ಇದೇ ಪದ ಹೇಳಿದ್ರಿ," ಎಂದಳು.

ಹೊಗೆ

ಆ ಕಾಲದ ಕಾರ್ಯಕ್ರಮಗಳಲ್ಲಿ ಹಾಡುಗಾರರ ಕಾಲ ಬಳಿ ಬಿಳಿಯ ಹೊಗೆ ಹರಿಯುತ್ತಿದ್ದುದು ಎಲ್ಲರಿಗೂ ನೆನಪಿದೆ. ಅದು ಒಣ ಮಂಜುಗಡ್ಡೆಯ ಮಹಿಮೆಯೆಂದು ತಿಳಿದವರು ಹೇಳಿದರು. ಮುಟ್ಟಿದರೆ ಕೈ ಸುಡುತ್ತದೆಂದೂ ಹೇಳಿದರು. ಸುಡುವ ಮಂಜುಗಡ್ಡೆ ಎಂಬ ಪದಾರ್ಥವು ನನ್ನ ಬುದ್ಧಿಗೆ ಒಗ್ಗಲಿಲ್ಲ. ಹೊಗೆಯ ಸ್ವರೂಪವು ಎಲ್ಲೆಡೆಯೂ ಒಂದೇ ಎಂದು ತರ್ಕಿಸಿ, ದೇವರಮನೆಯ ಧೂಪದಾರತಿಯಲ್ಲಿ ಕೆಂಡ ತುಂಬಿ, ಅದರ ಮೇಲೆ ಎರಡು ಹಿಡಿ ಸಾಂಬ್ರಾಣಿಯನ್ನು ಸುರಿದು, ತಾಲೀಮಿನ ದಿನ ರಂಗದ ಮರೆಯಲ್ಲಿ ಇಟ್ಟೆನು.

ಹೊಗೆ ಎದ್ದಿತು. ನೆಲದಲ್ಲಿ ಹರಿಯಲಿಲ್ಲ, ಮೇಲಕ್ಕೇ ಏರಿತು. ಆದರೂ ಗಾತ್ರದಲ್ಲಿ ನನ್ನ ನಿರೀಕ್ಷೆಯನ್ನು ಮೀರಿತ್ತು. ಗಿಟಾರು ನುಡಿಸುತ್ತಿದ್ದ ನಿವೃತ್ತ ಇಂಜಿನಿಯರು ತಂತಿಯಿಂದ ಕೈ ತೆಗೆದು, ಬೂಟು ಕಳಚಿ ಪಕ್ಕಕ್ಕಿಟ್ಟರು. ಮುಂದಿನ ಸಾಲಿನವರು ಒಬ್ಬೊಬ್ಬರಾಗಿ ಎದ್ದರು. ಹೆಂಗಸರು ಸೆರಗು ಹೊದ್ದರು. ವೃದ್ಧೆಯೊಬ್ಬರು ನಿಂತಲ್ಲೇ ಮೂರು ಸುತ್ತು ಸುತ್ತಿ ನಮಸ್ಕರಿಸಿದರು. ಹೊಗೆಯ ನಡುವಿನಿಂದ ನನ್ನ ಹೆಂಡತಿಯ ದನಿ ಮಾತ್ರ ಕೇಳುತ್ತಿತ್ತು: "ರೀ, ನಾನು ಸ್ಟೇಜ್ ಮೇಲೇ ಇದೀನಾ?"

ಅಧ್ಯಕ್ಷರು ಕೈ ಮುಗಿದುಕೊಂಡೇ ನನ್ನ ಬಳಿಗೆ ಬಂದು, ಪಿಸುದನಿಯಲ್ಲಿ, "ಸಾರ್, ಇವತ್ತು ಯಾವ ಪೂಜೆ?" ಎಂದರು.

"ಪೂಜೆಯಲ್ಲ. ಇದು ಪಾಪ್ ಸಂಗೀತದ ಹೊಗೆ," ಎಂದು ವಿವರಿಸಿದೆ.

ಅವರು ಕೈಗಳನ್ನು ಕೆಳಗಿಳಿಸಿದರು. ಮುಖದಲ್ಲಿ ನಿಜವಾದ ನಿರಾಶೆ.

"ಹಾಗಾದ್ರೆ ಪುಳಿಯೋಗರೆ ಇಲ್ವಾ?"

ಏಳು ಮಂದಿ ನಾನು

ಹೊಗೆಯನ್ನು ಬಳಗವು ಒಮ್ಮತದಿಂದ ರದ್ದುಪಡಿಸಿದ ಮೇಲೆ, ಒಬ್ಬರು ಹಲವರಾಗುವ ಮಾಯೆಯನ್ನು ಕೈಗೆತ್ತಿಕೊಂಡೆ. ಇದಕ್ಕೆ ಕ್ಯಾಮೆರಾ ಬೇಕು. ಅದನ್ನು ಒದಗಿಸಿದವರು ನಮ್ಮ ಬಳಗದಲ್ಲಿದ್ದ, ಇಟ್ಟಮಡುವಿನ ಮನೆಮಾಲೀಕರೊಬ್ಬರು. ಇವರು ಹಳೆಯ ಊರಿನವರು. ತಂದೆಯವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಇವರು ಬಾಡಿಗೆಮನೆಗಳನ್ನು ಬೆಳೆಯುತ್ತಿದ್ದಾರೆ. ಇವರ ಫೋನು ನನ್ನ ನಿಘಂಟಿನಷ್ಟು ಅಗಲವಾದುದು. ಅದು ಹಿಡಿದ ಚಿತ್ರವನ್ನು ಆಗಿಂದಾಗಲೇ ಸಭಾಂಗಣದ ದೊಡ್ಡ ಪರದೆಯ ಮೇಲೆ ಮೂಡಿಸುವುದು ಸಾಧ್ಯವಿತ್ತು.

ಮೂರು ಕನ್ನಡಿಗಳನ್ನು ಮುಮ್ಮೂಲೆಯಾಗಿ ಸೇರಿಸಿ ಕಟ್ಟಿ, ಆ ಕೊಳವೆಯನ್ನು ಫೋನಿನ ಮುಂದೆ ಹಿಡಿದರೆ ಎದುರಿನ ಆಕೃತಿ ಸುತ್ತಲೂ ಪ್ರತಿಬಿಂಬಿಸುತ್ತದೆ ಎಂಬುದು ನನ್ನ ಯೋಜನೆ. ಕಮಲದ ನೆನಪಿದ್ದುದರಿಂದ, ನಡುವಿನಲ್ಲಿ ಮುಖವು ಸ್ಪಷ್ಟವಾಗಿ ಉಳಿಯುತ್ತದೆಂದು ಹೆಂಡತಿಗೆ ಮಾತು ಕೊಟ್ಟಿದ್ದೆ. ಮಾಲೀಕರು ಫೋನು ಹಿಡಿದರು, ನಾನು ಕೊಳವೆ ಹಿಡಿದೆ. ಹಾಡು ಆರಂಭವಾಯಿತು. ಪ್ರತಿಬಿಂಬಗಳು ಸರಿಯಾಗಿ ಕೂಡಿವೆಯೇ ಎಂಬುದನ್ನು ಪರಿಶೀಲಿಸಲು ನಾನು ಕೊಳವೆಯ ಎದುರಿನ ಬಾಯಿಯಲ್ಲಿ ತಲೆಯಿಟ್ಟು ಇಣುಕಿದೆನು. ಏನೂ ತಿಳಿಯಲಿಲ್ಲ. ಇನ್ನಷ್ಟು ಇಣುಕಿದೆನು. ಕನ್ನಡಕವನ್ನು ತೆಗೆದು ಒರೆಸಿಕೊಂಡು ಮತ್ತೊಮ್ಮೆ ಇಣುಕಿದೆನು.

ಸಭೆಯಲ್ಲಿ ನಗೆಯ ಅಲೆ ಎದ್ದಾಗ ತಿರುಗಿ ಪರದೆಯನ್ನು ನೋಡಿದೆ. ನನ್ನ ಹೆಂಡತಿ ಎಲ್ಲಿಯೂ ಇರಲಿಲ್ಲ. ಪರದೆಯ ತುಂಬ ನಾನೇ ಇದ್ದೆ. ನಡುವಿನಲ್ಲೊಬ್ಬ, ಸುತ್ತಲೂ ಆರು ಮಂದಿ. ಎಲ್ಲರೂ ಬೋಳುತಲೆಯನ್ನು ತಿರುಗಿಸಿ ಪರದೆಯನ್ನು ಹುಡುಕುತ್ತಿದ್ದರು.

ಹಾಡು ನಿಂತಿತು. ನನ್ನ ಹೆಂಡತಿ ಮೈಕಿನಲ್ಲಿಯೇ ಹೇಳಿದಳು:

"ಒಬ್ಬರನ್ನ ಸಂಭಾಳಿಸಿಕೊಂಡು ಬಂದಿದೀನಿ. ಉಳಿದ ಆರು ಜನಾನ ಯಾರಾದ್ರೂ ಮನೆಗೆ ಕರ್ಕೊಂಡ್ ಹೋಗಿ."

ಮಂಜಿನ ಲೇಪ

ಹಳೆಯ ಕಾರ್ಯಕ್ರಮಗಳಲ್ಲಿ ಹಾಡುವವರ ಮುಖದ ಸುತ್ತ ಮಂಜು ಕವಿದಂತೆ ಒಂದು ಮಾರ್ದವವಿರುತ್ತಿತ್ತು. ಕ್ಯಾಮೆರಾದ ಗಾಜಿನ ಅಂಚಿಗೆ ವ್ಯಾಸಲೀನ್ ಸವರಿ ಅದನ್ನು ಸಾಧಿಸುತ್ತಿದ್ದರಂತೆ. ಅಂಚಿಗೆ ಮಾತ್ರ, ನಡುವಿನಲ್ಲಿ ಮುಖ ನಿರ್ಮಲ. ಇದಕ್ಕಿಂತ ನನ್ನ ಪ್ರತಿಜ್ಞೆಗೆ ಹೊಂದುವ ಉಪಾಯ ಬೇರೊಂದಿರಲಿಲ್ಲ. ಮನೆಯಲ್ಲಿ ವ್ಯಾಸಲೀನ್ ಮುಗಿದಿತ್ತು. ಬಣ್ಣದಲ್ಲಿಯೂ ಜಿಡ್ಡಿನಲ್ಲಿಯೂ ಅದನ್ನೇ ಹೋಲುವ ತಲೆನೋವಿನ ಮುಲಾಮು ನನ್ನ ಜೇಬಿನಲ್ಲಿ ಸದಾ ಇರುತ್ತದೆ. ತಾಲೀಮಿನ ಬಿಡುವಿನಲ್ಲಿ ಮಾಲೀಕರ ಫೋನಿಗೆ ಅದನ್ನು ಧಾರಾಳವಾಗಿ ಸವರಿದೆನು. ಅದರ ಗಾಜು ಹೆಸರುಬೇಳೆಯಷ್ಟಿತ್ತು, ನನ್ನ ಬೆರಳು ಇದ್ದಷ್ಟೇ ಇತ್ತು. ಅಂಚೆಲ್ಲಿ, ನಡುವೆಲ್ಲಿ ಎಂಬ ವಿವೇಚನೆ ಉಳಿಯಲಿಲ್ಲ. ಮುಲಾಮು ಫೋನಿನ ಬೆನ್ನಿಗೆಲ್ಲ ಹರಡಿತು.

ಅಷ್ಟರಲ್ಲಿ ಮಾಲೀಕರಿಗೆ ಬಾಡಿಗೆದಾರರ ಕರೆ ಬಂದಿತು. ಅವರು ಫೋನನ್ನು ಅಂಗೈ ತುಂಬ ಹಿಡಿದು ಮಾತನಾಡಿದರು. ಮುಗಿಸಿ, ಅದೇ ಕೈಯಿಂದ ಎರಡೂ ಕಣ್ಣುಗಳನ್ನು ಒರೆಸಿಕೊಂಡರು. ಆಗಲೇ ನನ್ನ ಹೆಂಡತಿ ಹಾಡನ್ನು ಎತ್ತಿಕೊಂಡಳು.

ಮೊದಲ ಸಾಲಿಗೆ ಮಾಲೀಕರ ಕಣ್ಣುಗಳು ತುಂಬಿದವು. ಎರಡನೆಯ ಸಾಲಿಗೆ ಕೆನ್ನೆಯ ಮೇಲೆ ನೀರು ಹರಿಯಿತು. ಚರಣದ ವೇಳೆಗೆ ಅವರು ಫೋನನ್ನು ನನ್ನ ಕೈಗಿತ್ತು, ಹೆಗಲ ಟವೆಲಿನಲ್ಲಿ ಮುಖ ಹುದುಗಿಸಿ ಬಿಕ್ಕುತ್ತಿದ್ದರು. ಹಾಡು ಮುಗಿದ ಮೇಲೆ ಕಣ್ಣು ಬಿಡಲಾಗದೆ, ದನಿ ಬಂದ ದಿಕ್ಕಿಗೆ ಕೈ ಮುಗಿದು, "ಏನ್ ತಾಯೀ ನಿಮ್ ಹಾಡು! ನಮ್ಮಪ್ಪ ತೀರ್ಕೊಂಡಾಗ್ಲೂ ಹಿಂಗೆ ಅತ್ತಿರ್ಲಿಲ್ಲ. ಎದೆಯೆಲ್ಲ ತಣ್ಣಗೆ ಉರೀತೈತೆ," ಎಂದರು.

ಪರದೆಯ ಮೇಲೆ ಮುಖವಿರಲಿ, ಜುಮಕಿಯೂ ಕಾಣಿಸಿರಲಿಲ್ಲ. ಮೈಸೂರು ಪಾಕಿನ ಬಣ್ಣದ ಒಂದು ಮಂಜು ಮಾತ್ರ. ಆದರೆ ಅಂದು ಮನೆಗೆ ಹಿಂದಿರುಗುವಾಗ ಆಟೋದಲ್ಲಿ ನನ್ನ ಹೆಂಡತಿ ಬೈಯಲಿಲ್ಲ. "ನನ್ನ ಹಾಡಿಗೆ ಒಬ್ಬರು ಅಷ್ಟು ಅತ್ರಲ್ಲ, ರೀ," ಎಂದಳು ಮೆಲ್ಲಗೆ. "ನೀವು ಇಷ್ಟು ವರ್ಷದಲ್ಲಿ ಒಂದ್ಸಲಾನಾದ್ರೂ ಅತ್ತಿದೀರಾ?"

ಜೇಬಿನಲ್ಲಿದ್ದ ಮುಲಾಮಿನ ಡಬ್ಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ತಲೆನೋವು ಬಂದಾಗ," ಎಂದೆ.

ಆರತಿ ನೀರು

ಉಳಿದದ್ದು ಬೆನ್ನ ಹಿಂದೆ ಕುದಿಯುವ ಬಣ್ಣ. ಪದ್ಮನಾಭನಗರದ ಟ್ಯೂಷನ್ ಸೆಂಟರೊಂದರ ಅಟ್ಟದಲ್ಲಿ ಹಳೆಯ ಪ್ರೊಜೆಕ್ಟರು ಬಿದ್ದಿತ್ತು. ಅದರ ಗಾಜಿನ ಮೇಲೆ ಏನಿಟ್ಟರೂ ಎದುರಿನ ಗೋಡೆಯ ಮೇಲೆ ಆನೆಗಾತ್ರವಾಗಿ ಕಾಣುತ್ತದೆ. ಹಿಂದಿನವರು ಗಾಜಿನ ಮೇಲೆ ಎಣ್ಣೆ, ಬಣ್ಣ ಕಲಸುತ್ತಿದ್ದರಂತೆ. ನಾನು ಅವರನ್ನು ಮೀರಿಸಿದೆ. ಗಾಜಿನ ತಟ್ಟೆಯಲ್ಲಿ ಅರಿಸಿನದ ನೀರು. ಅದಕ್ಕೆ ಚಮಚದಿಂದ ಸುಣ್ಣದ ತಿಳಿನೀರು. ಹಳದಿಯ ಕಡಲಿನಲ್ಲಿ ಕೆಂಪಿನ ಬಳ್ಳಿಗಳು ಹಬ್ಬಿ, ಹೆಣೆದು, ಒಡೆದು, ಮತ್ತೆ ಹಬ್ಬಿದವು. ರಂಗದ ಹಿಂದೆ ಪರದೆಯಾಗಿ ಕಟ್ಟಿದ್ದ ನನ್ನ ಜರಿಪಂಚೆಯ ಮೇಲೆ ಅದನ್ನು ಕಂಡು ಅಧ್ಯಕ್ಷರೇ, "ಸಖತ್ ಸಾರ್!" ಎಂದರು.

ಆದರೆ ಬೆಳಕು ಪಂಚೆಗೆ ಬೀಳುವ ಮುನ್ನ ಹಾಡುವವಳ ಮೇಲೆ ಬೀಳಬೇಕಷ್ಟೆ.

"ರೀ, ಅವತ್ತು ಆ ಪುಣ್ಯಾತ್ಮ ಕಮಲ ಮಾಡಿದ. ಇವತ್ತು ನೀವು ಟೊಮ್ಯಾಟೊ ಮಾಡಿದ್ರಿ. ಇನ್ನು ನಾನು ಯಾವ ಸ್ಟೇಜ್ ಹತ್ತಲಿ, ಈ ವಯಸ್ಸಿನಲ್ಲಿ? ಇದೇ ಕೊನೆ." ಅವಳು ಜಗಳವಾಡಲಿಲ್ಲ, ಹಾಗೆ ಹೇಳಿ ಹಾಡಿನ ಚೀಟಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ನನಗೆ ಭಯವಾದದ್ದು ಅದನ್ನು ಕಂಡು. ಕೆಂಪನ್ನು ಅಂಚುಗಳಲ್ಲಿ ಮಾತ್ರ ಬಿಟ್ಟು, ತಟ್ಟೆಯ ನಡುವನ್ನು ಬರಿದಾಗಿ ಉಳಿಸುವ ಅಭ್ಯಾಸವನ್ನು ಮನೆಯಲ್ಲಿ ಕೈಗೊಂಡೆನು. ಅಡುಗೆಮನೆಯ ಗೋಡೆ ಇಂದಿಗೂ ಅದಕ್ಕೆ ಸಾಕ್ಷಿ.

ಕಾರ್ಯಕ್ರಮದ ಸಂಜೆ ಬಂದಿತು. ತಂದಿದ್ದ ಅರಿಸಿನವನ್ನೆಲ್ಲ ಕದಡಿ, ಒಂದು ಪ್ರಯೋಗವನ್ನೂ ಮಾಡಿ ನೋಡಿ, ಅಂಚಿನಲ್ಲಿ ಕೆಂಪು ತುಂಬಿದ ತಟ್ಟೆಯನ್ನು ಪ್ರೊಜೆಕ್ಟರಿನ ಪಕ್ಕದ ಸ್ಟೂಲಿನ ಮೇಲಿಟ್ಟು, ಬಣ್ಣದ ಕೋಣೆಗೆ ಹೋದೆ. ನನ್ನ ಹೆಂಡತಿ ಆ ಕಾಲದ ಹಾಡುಗಾರ್ತಿಯರಂತೆ ಗುಂಗುರು ಕೂದಲಿನ ವಿಗ್ಗು ಧರಿಸಿ, ಮಿನುಗುವ ನಿಲುವಂಗಿ ತೊಟ್ಟು, ಕಿವಿಗೆ ಅದೇ ಜುಮಕಿಗಳನ್ನು ಹಾಕಿಕೊಂಡಿದ್ದಳು. ಕಲ್ಲು ಬೆಳಕಿಗೆ ಹೊಳೆದು ಮುಖದ ಮೇಲಿನ ಗಮನವನ್ನು ಅಪಹರಿಸುತ್ತದೆಂದು ಶಾಸ್ತ್ರೀಯವಾಗಿ ವಾದಿಸಿ, ಅವನ್ನು ಬಿಚ್ಚಿಸಿ, ನನ್ನ ಜುಬ್ಬದ ಜೇಬಿಗೆ ಹಾಕಿಕೊಂಡೆ.

ಅಷ್ಟರಲ್ಲಿ ಹೊರಗೆ ನಡೆದದ್ದು ನನಗೆ ತಿಳಿದದ್ದು ಅನಂತರ. ನನ್ನ ಹೆಂಡತಿಯ ಅಕ್ಕ ಈಗ ಹುಳಿಮಾವಿನಲ್ಲಿರುತ್ತಾರೆ. ಕಿವಿ ಸ್ವಲ್ಪ ಮಂದ, ದನಿ ಮಾತ್ರ ಮೊದಲಿನದೇ. ಅವರು ಬಂದು, ಮುಂದಿನ ಸಾಲಿನಲ್ಲಿ ಕುಳಿತು, ಸ್ಟೂಲಿನ ಮೇಲಿನ ಕೆಂಪುನೀರಿನ ತಟ್ಟೆಯನ್ನು ಕಂಡರು. ಅರಿಸಿನ, ಸುಣ್ಣ, ಕೆಂಪುನೀರು; ನಮ್ಮ ಮನೆಗಳ ಹೆಂಗಸರಿಗೆ ಇದು ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಪಕ್ಕದಲ್ಲಿದ್ದ ಇಟ್ಟಮಡುವಿನ ಮಾಲೀಕರನ್ನು ಕೇಳಿದರು: "ಆರತಿ ಎತ್ತಿದ್ದಾಯ್ತೇನಪ್ಪಾ?"

ಮಾಲೀಕರಿಗೆ ಯಾವ ಆರತಿಯೆಂದು ತಿಳಿಯಲಿಲ್ಲ. ಆದರೂ ಹಿರಿಯರಿಗೆ ಇಲ್ಲ ಎನ್ನುವವರಲ್ಲ. "ಎಲ್ಲಾ ಆಗೈತೆ ತಾಯಿ. ಮೇಷ್ಟ್ರು ಈಗ್ತಾನೇ ಮಾಡಿದ್ರು."

"ಗಂಡಸರಿಗೆ ಏನು ಗೊತ್ತಾಗುತ್ತೆ! ಎತ್ತಿದ ಆರತಿ ನೀರನ್ನ ಒಳಗಿಟ್ಕೊಂಡು ಕೂರ್ತಾರೇನಪ್ಪಾ? ದೃಷ್ಟಿಯೆಲ್ಲ ಇಲ್ಲೇ ಉಳಿಯುತ್ತೆ."

ಹೀಗೆಂದು ತಟ್ಟೆಯನ್ನೆತ್ತಿಕೊಂಡು ಹೋಗಿ, ಗೇಟಿನ ಬಳಿ ರಂಗೋಲಿಯ ಮೇಲೆ ನನ್ನ ಕಲೆಯನ್ನು ಸುರಿದು, ತಟ್ಟೆಯಲ್ಲಿ ಉಳಿದದ್ದನ್ನು ಮಾಲೀಕರ ಹಣೆಗಿಟ್ಟು, ನಲ್ಲಿಯಲ್ಲಿ ತೊಳೆದು, ಸೆರಗಿನಿಂದ ಒರೆಸಿ, ತಂದು ಪ್ರೊಜೆಕ್ಟರಿನ ಗಾಜಿನ ಮೇಲೆಯೇ ಇಟ್ಟು ಕುಳಿತರು.

ದೀಪಗಳು ಆರಿದವು. ನಾನು ಕತ್ತಲಲ್ಲಿ ಬಂದು ಪ್ರೊಜೆಕ್ಟರು ಹೊತ್ತಿಸಿ, ಸುಣ್ಣದ ಚಮಚವನ್ನು ಎತ್ತಿದೆ. ತಟ್ಟೆಯಲ್ಲಿ ಏನೂ ಇರಲಿಲ್ಲ. ಚಮಚವನ್ನು ಜೇಬಿಗೆ ಹಾಕಿಕೊಂಡು, ಸ್ಟೂಲಿನ ಮೇಲೆ, ಕೆಳಗೆ, ಕುರ್ಚಿಗಳಡಿಯಲ್ಲಿ ತಡವಿದೆ. ಹಾಡು ಆರಂಭವಾಗಿಯೇ ಬಿಟ್ಟಿತು. ನಾನು ನೆಲದ ಮೇಲೆ ಕುಳಿತು, ಆ ಇಡೀ ಸಾಹಸದಲ್ಲಿ ಮೊದಲ ಬಾರಿಗೆ, ಏನನ್ನೂ ಮಾಡದೆ ತಲೆಯೆತ್ತಿ ನೋಡಿದೆನು.

ಶುಭ್ರವಾದ ಬಿಳಿಯ ಬೆಳಕು. ಬಿಳಿಯ ಪಂಚೆ. ಅದರ ಮುಂದೆ ಅವಳ ಮುಖ. ಹೊಗೆಯಿಲ್ಲ, ದಳವಿಲ್ಲ, ನಾನಿಲ್ಲ. ಎತ್ತರದ ಸ್ವರಕ್ಕೆ ಹೋಗುವಾಗ ಅವಳ ಎಡಹುಬ್ಬು ಸ್ವಲ್ಪ ಮೇಲೇರುತ್ತದೆ. ಆ ಕಾಲದಲ್ಲಿಯೂ ಅದು ಏರಿದ್ದಿರಬೇಕು, ಕಮಲದ ಒಳಗೆಲ್ಲೋ. ಕೊನೆಯ ಸಾಲಿನವರೆಗೂ ಆ ಮುಖ ಅಲ್ಲಿಯೇ ಇತ್ತು. ನನ್ನ ಕಣ್ಣು ಮಸುಕಾಯಿತು. ಅಂದು ನನ್ನ ಜೇಬಿನಲ್ಲಿ ಮುಲಾಮು ಇರಲಿಲ್ಲವೆಂಬುದನ್ನು ದಾಖಲಿಸಬಯಸುತ್ತೇನೆ.

ಚಪ್ಪಾಳೆ ನಿಲ್ಲಲಿಲ್ಲ. ಅಧ್ಯಕ್ಷರು ಮೈಕು ಹಿಡಿದು, "ಎಫೆಕ್ಟ್ಸ್ ಅಂದ್ರೆ ಇದು ಸಾರ್! ಇದೆಯೋ ಇಲ್ವೋ ಗೊತ್ತೇ ಆಗ್ಬಾರ್ದು!" ಎಂದರು. ನಾನು ಎದ್ದು, ತಕ್ಕ ವಿನಯದಿಂದ ಬಾಗಿದೆ. ರಂಗದ ಮೇಲೆ ನನ್ನ ಹೆಂಡತಿ ಯಾರನ್ನೂ ನೋಡುತ್ತಿರಲಿಲ್ಲ. ಮುಂದಿನ ಸಾಲಿನ ಅಕ್ಕನನ್ನು ಮಾತ್ರ ನೋಡುತ್ತಿದ್ದಳು. ಅಕ್ಕ ಏನು ಹೇಳುತ್ತಾರೆಂಬುದೊಂದೇ ಅವಳಿಗೆ ಬೇಕಾಗಿತ್ತು.

ಅಕ್ಕ ಚಪ್ಪಾಳೆ ಮುಗಿಸಿ, ಪಕ್ಕದ ಮಾಲೀಕರ ಕಡೆಗೆ ಬಾಗಿ, ಇಡೀ ಸಭಾಂಗಣಕ್ಕೆ ಕೇಳುವ ದನಿಯಲ್ಲಿ ಹೇಳಿದರು:

"ಪಾಪ, ಈಯಮ್ಮ ಚೆನ್ನಾಗೇ ಹಾಡಿದ್ರು. ನಮ್ಮವಳು ಎಷ್ಟು ಹೊತ್ತಿಗೆ ಬರ್ತಾಳಪ್ಪಾ?"

ನನ್ನ ಹೆಂಡತಿ ರಂಗದಿಂದ ಇಳಿದು, ನೇರವಾಗಿ ನನ್ನ ಮುಂದೆ ಬಂದು ನಿಂತು, ಕೈ ಚಾಚಿದಳು. ನಾನು ಜೇಬಿನಿಂದ ಸುಣ್ಣದ ಚಮಚ ತೆಗೆದೆ. ಅವಳು ಕೈ ಹಿಂತೆಗೆಯಲಿಲ್ಲ. ಕರವಸ್ತ್ರ ತೆಗೆದೆ. ಕೊನೆಗೆ, ಸುಣ್ಣ ಮೆತ್ತಿಕೊಂಡಿದ್ದ ಜುಮಕಿಯನ್ನು ತೆಗೆದು ಅಂಗೈಯಲ್ಲಿಟ್ಟೆ. ಅವಳು ಅದನ್ನು ಕಿವಿಯ ಬಳಿ ಹಿಡಿದು, ಅಕ್ಕನ ಎದುರು ಬಗ್ಗಿ, ಮೆಲ್ಲಗೆ ಅಲ್ಲಾಡಿಸಿದಳು.

ಅಕ್ಕನ ಮುಖವರಳಿತು.

"ಅಯ್ಯೋ, ನೀನೇನೇ! ಮೊದಲೇ ಹಾಕ್ಕೊಂಡ್ ಬರ್ಬಾರ್ದಾ? ಬರೀ ಮುಖ ತೋರ್ಸಿದ್ರೆ ಹೇಗೆ ಗೊತ್ತಾಗ್ಬೇಕು?"